ಅಕ್ಕನಿಗಾಗಿ ಇಳಿಸಿದ ಹದಿಮೂರು ಕಿಲೋ

ತಪಾಸಣೆಗೆ ಹೋದದ್ದು ಅಕ್ಕನಿಗಾಗಿ. ಕಾಯಿಲೆ ಸಿಕ್ಕಿದ್ದು ನನ್ನಲ್ಲಿ.

ಅಕ್ಕ ಗಂಗವ್ವನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ಆಗ ಒಂದೂವರೆ ವರ್ಷವಾಗಿತ್ತು. ಚೊಳಚಗುಡ್ಡದ ತನ್ನ ಮನೆಯಿಂದ ವಾರಕ್ಕೆ ಎರಡು ಸಲ ಬಾಗಲಕೋಟೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ಭಾವನಿಗೆ ಸಕ್ಕರೆ ಕಾಯಿಲೆ, ಅವರ ಕಿಡ್ನಿ ಆಗುವುದಿಲ್ಲ ಎಂದಿದ್ದರು. ಅವಳಿಗೆ ಮಕ್ಕಳಿಲ್ಲ. ಉಳಿದವನು ತಮ್ಮ, ನಾನೊಬ್ಬ. ರಕ್ತದ ಗುಂಪು ಹೊಂದಿತು. ಟಿಶ್ಯೂ ಹೊಂದಿತು. ಕೊನೆಯ ಸುತ್ತಿನ ಪರೀಕ್ಷೆಗಳಿಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದ ದಿನ, ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಒಳಗೊಳಗೇ ಬೀಗುತ್ತಿದ್ದೆ. ಕೊಡುವವನು ನಾನು. ಗಟ್ಟಿಮುಟ್ಟಾಗಿರುವವನು ನಾನು.

ನೆಫ್ರಾಲಜಿಸ್ಟ್ ನನ್ನ ಫೈಲನ್ನು ಎರಡು ಸಲ ತಿರುವಿದರು. ಬೆಳಗಾವಿ ಕಡೆಯವರು. ಮಾತು ನೇರ.

"ತೂಕ ತೊಂಬತ್ತೇಳು. ಬಿಎಂಐ ಮೂವತ್ನಾಕು ದಾಟೈತಿ. ಲಿವರ್‌ನ್ಯಾಗ ಕೊಬ್ಬು. ಶುಗರ್ ಬಾರ್ಡರ್ ಮ್ಯಾಲೆ. ನಿಮ್ಮ ಕಿಡ್ನಿ ತಗೊಳ್ಳಾಕ ಬರೂದಿಲ್ರಿ."

ನನಗೆ ನಲವತ್ತನಾಲ್ಕು ವರ್ಷ. ಅಲ್ಲಿಯವರೆಗೆ ಯಾರೂ ನನ್ನಿಂದ ಏನನ್ನೂ ಬೇಡ ಅಂದಿರಲಿಲ್ಲ.

ಆಮೇಲೆ ನಾನು ಡಾಕ್ಟರ ಜೊತೆ ಬಹಳ ಹೊತ್ತು ವಾದ ಮಾಡಿದೆ ಎಂದು ನನ್ನ ನೆನಪು. ಬಿಎಂಐ ಎಂಬ ಅಳತೆಯ ಮಿತಿಗಳ ಬಗ್ಗೆಯೂ ಮಾತಾಡಿದೆ ಎಂದು ನೆನಪು. ಪಕ್ಕದಲ್ಲೇ ಕುಳಿತಿದ್ದ ಹೆಂಡತಿ ಸುಜಾತಾ ಹೇಳುವುದು ಬೇರೆ. ನಾನು ಒಂದೇ ಒಂದು ಮಾತೂ ಆಡಲಿಲ್ಲವಂತೆ. ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತ ಕುಳಿತಿದ್ದೆನಂತೆ. ಅವಳೇ ಸರಿ ಇರಬೇಕು. ಈ ಬರಹದಲ್ಲಿ ನನ್ನ ನೆನಪೊಂದೇ ಸಾಕ್ಷಿಯಾಗಿರುವ ಜಾಗಗಳನ್ನು ಸ್ವಲ್ಪ ಅನುಮಾನದಿಂದಲೇ ಓದಿರಿ. ಯಾಕೆಂದು ಮುಂದೆ ತಿಳಿಯುತ್ತದೆ.

ಡಾಕ್ಟರ ಮುಂದಿನ ಮಾತು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ.

"ನೀವು ಕೊಟ್ಟ ಮ್ಯಾಲೆ ನಿಮ್ಮ ಹತ್ರ ಉಳಿಯೂದು ಒಂದ. ಈ ಮೈಯಾಗ ಆ ಒಂದು ಎಷ್ಟ್ ವರ್ಷ ತಡೀತೈತಿ? ನಿಮ್ಮ ಅಕ್ಕನ್ನ ಎಬ್ಬಸಾಕ ಹೋಗಿ, ಅದೇ ಡಯಾಲಿಸಿಸ್ ಕುರ್ಚಿ ಮ್ಯಾಲೆ ನಿಮ್ಮನ್ನ ಕೂಡ್ರಸಾಕ ನನಗ ಮನಸ್ಸಿಲ್ಲ. ಎಂಬತ್ನಾಕಕ್ಕ ಇಳೀರಿ. ಎರಡು ತಿಂಗಳು ಅಲ್ಲೇ ನಿಲ್ರಿ. ಆಮ್ಯಾಲೆ ಬರ್ರಿ."

ಹದಿಮೂರು ಕಿಲೋ. ಅಕ್ಕನಿಗೂ ಕಿಡ್ನಿಗೂ ನಡುವೆ ಇದ್ದದ್ದು ಅಷ್ಟೇ. ನನ್ನದೇ ಹೊಟ್ಟೆ.

ನಾನು ಹುನಗುಂದದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮನೆ ಇಳಕಲ್ಲಿನಲ್ಲಿ. ದೇಶದ ವಯಸ್ಕರಲ್ಲಿ ತೂಕ ಹೆಚ್ಚಾದವರು ಎಷ್ಟು, ಪಟ್ಟಣದಲ್ಲಿ ಎಷ್ಟು, ಹಳ್ಳಿಯಲ್ಲಿ ಎಷ್ಟು ಎಂಬ ಕೋಷ್ಟಕಗಳನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಅವು ಏರುತ್ತಿರುವ ರೀತಿಯನ್ನು ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸುತ್ತೇನೆ. ಆ ಗೆರೆಯನ್ನು ಮೇಲಕ್ಕೆ ಎಳೆಯುತ್ತಿದ್ದವರಲ್ಲಿ ನಾನೂ ಒಬ್ಬ ಎಂದು ಒಮ್ಮೆಯೂ ಹೊಳೆಯಲಿಲ್ಲ. ಕೋಷ್ಟಕದಲ್ಲಿರುವವರು ಯಾವಾಗಲೂ ಬೇರೆಯವರೇ ಆಗಿರುತ್ತಾರೆ.

ಇನ್ನೂ ಒಂದು ವಿಷಯವಿದೆ. ಎರಡು ವರ್ಷದ ಹಿಂದೆ ನನ್ನ ವಿದ್ಯಾರ್ಥಿಗಳು ಕಾಲೇಜಿನ ಸಿಬ್ಬಂದಿಯ ಎತ್ತರ, ತೂಕ ಅಳೆದು ಒಂದು ಪ್ರಾಜೆಕ್ಟ್ ಮಾಡಿದರು. ಎಲ್ಲರೂ ತಕ್ಕಡಿ ಹತ್ತಿದರು. ನಾನು ಮಾತ್ರ, "ನಂದು ಎಪ್ಪತ್ತೆಂಟು ಬರಕೋರಿ," ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಎಪ್ಪತ್ತೆಂಟು ಎಂದು ನಿಜಕ್ಕೂ ನಂಬಿದ್ದೆ. ಅದು ಯಾವ ವರ್ಷದ ತೂಕವೋ ದೇವರಿಗೇ ಗೊತ್ತು. ಜನ ತಮ್ಮ ತೂಕವನ್ನು ಬಾಯಿಮಾತಿನಲ್ಲಿ ಹೇಳಿದರೆ ಕಡಿಮೆಯೇ ಹೇಳುತ್ತಾರೆ ಎಂದು ಅದೇ ತಿಂಗಳು ನಾನೇ ಪಾಠ ಮಾಡಿದ್ದೆ.

ಡಾಕ್ಟರು ನನ್ನ ಕಿಡ್ನಿ ಬೇಡ ಎಂದ ದಿನವೇ ಹುಬ್ಬಳ್ಳಿಯಲ್ಲಿ ನಮ್ಮನ್ನು ಡಯಟಿಷಿಯನ್ ಹತ್ತಿರ ಕಳಿಸಿದರು. ನನ್ನ ವಿದ್ಯಾರ್ಥಿನಿಯಾಗಿರಬಹುದಾದಷ್ಟು ಚಿಕ್ಕ ಹುಡುಗಿ. ನಿನ್ನೆ ಬೆಳಗಿನಿಂದ ಏನೇನು ತಿಂದಿರಿ ಹೇಳಿ ಎಂದಳು. ನಾನು ಪಾಠ ಒಪ್ಪಿಸುವಂತೆ ಹೇಳಿದೆ. ಬೆಳಿಗ್ಗೆ ಒಂದು ತಟ್ಟೆ ಚುರುಮುರಿ ಸೂಸಲ. ಎರಡು ಚಹಾ. ಮಧ್ಯಾಹ್ನ ಮೂರು ರೊಟ್ಟಿ, ಸಂಜೆ ಏನಿಲ್ಲ, ರಾತ್ರಿ ಎರಡು ರೊಟ್ಟಿ.

ಸುಜಾತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಯಾಕ ನಗತಿ?"

"ಏನಿಲ್ರಿ. ಐದ ರೊಟ್ಟಿ ಅಂದ್ರಲ್ಲ, ಅದಕ್ಕ."

"ನೀವ ಹೇಳ್ರಿ ಮೇಡಂ, ಸರ್ ಎಷ್ಟ್ ಉಂಡ್ರು?" ಎಂದು ಡಯಟಿಷಿಯನ್ ಅವಳ ಕಡೆ ತಿರುಗಿದಳು.

"ಅಯ್ಯ, ಉಣ್ಣೋರ ರೊಟ್ಟಿ ಎಣಸ್ತಾರೇನವಾ? ದೃಷ್ಟಿ ಆಗ್ತೈತಿ. ನಾ ಇವರವು ಎಂದೂ ಎಣಸಿಲ್ಲ." ಬೆರಳು ಮಡಚುತ್ತ ಮುಂದುವರಿಸಿದಳು. "ನಿನ್ನೆ ಹದಿನೆಂಟ ಬಡದಿದ್ದೆ. ರಾತ್ರಿ ಬುಟ್ಟ್ಯಾಗ ಎರಡು ಇದ್ವು. ನಾನೂ ನಮ್ಮ ಮಗಳೂ ಮೂರ ಮೂರ ಉಂಡೇವಿ. ನಾ ಉಳದದ್ದ ಎಣಸೇನಿ, ಅಷ್ಟ."

ಹದಿನೆಂಟರಲ್ಲಿ ಎರಡು ಹೋದರೆ ಹದಿನಾರು. ಅದರಲ್ಲಿ ಆರು ಹೋದರೆ ಹತ್ತು.

ಹತ್ತು ರೊಟ್ಟಿ ತಿಂದವನ ನೆನಪಿನಲ್ಲಿ ಐದು ಉಳಿದಿದ್ದವು. ನಾನು ಸುಳ್ಳುಗಾರನಲ್ಲ. ಹಾಗಾದರೆ ಆ ಐದು ಎಲ್ಲಿ ಹೋದವು? ಬಸ್ಸಿನಲ್ಲಿ ವಾಪಸು ಬರುವಾಗ ಹುನಗುಂದ ದಾಟುವವರೆಗೂ ಇದನ್ನೇ ಯೋಚಿಸಿದೆ. ಆಮೇಲೆ ಹೊಳೆಯಿತು. ನಮ್ಮಲ್ಲಿ ಮೊದಲ ರೊಟ್ಟಿಗಳನ್ನು ಇಡಿಯಾಗಿ ನೀಡುತ್ತಾರೆ. ಆಮೇಲೆ ಬರುವುದೆಲ್ಲ ಅರ್ಧ. "ಅರ್ಧ ಹಾಕ್ಲ್ಯಾ?" ಎಂದರೆ ಬೇಡ ಅನ್ನುವುದು ಒರಟುತನ. ಅರ್ಧ ಎಂದರೆ ನಮ್ಮ ಲೆಕ್ಕದಲ್ಲಿ ಏನೂ ಅಲ್ಲ. ಚಹಾ ಕೂಡ ಹಾಗೆಯೇ. ಸ್ಟಾಫ್ ರೂಮಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಯಾರದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತರೂ ಅರ್ಧ ಚಾ ಬರುತ್ತದೆ. ಬರೆದಿಡಲು ಶುರು ಮಾಡಿದ ಮೊದಲ ದಿನ ಸಂಜೆಯೊಳಗೆ ಒಂಬತ್ತು ಅರ್ಧ ಚಹಾ ಆಗಿದ್ದವು. ಎಲ್ಲದರಲ್ಲೂ ಸಕ್ಕರೆ. ನನ್ನ ನೆನಪು ಇಡಿಯಾದದ್ದನ್ನು ಮಾತ್ರ ಇಟ್ಟುಕೊಂಡು ಅರ್ಧಗಳನ್ನೆಲ್ಲ ಬಿಟ್ಟುಬಿಡುತ್ತಿತ್ತು. ನನ್ನ ಮೈ ಮಾತ್ರ ಒಂದನ್ನೂ ಬಿಟ್ಟಿರಲಿಲ್ಲ.

"ನೆನಪಿಲೆ ಬರೀಬ್ಯಾಡ್ರಿ ಸರ್," ಎಂದಿದ್ದಳು ಡಯಟಿಷಿಯನ್. "ಬಾಯಾಗ ಹೋಗೂ ಮೊದಲ ಬರೀರಿ."

ಬರೆಯುತ್ತ ಹೋದಂತೆ ನಾಚಿಕೆ ಹೆಚ್ಚಿತು. ತಟ್ಟೆಯಲ್ಲಿ ಏನನ್ನೂ ಬಿಡಬಾರದು ಎಂದು ಬೆಳೆದವರು ನಾವು. ಉಣ್ಣುವುದು ಪ್ರಸಾದ. ಅಪ್ಪ ಊಟ ಮುಗಿಸಿ ತಟ್ಟೆಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯುತ್ತಿದ್ದರು. ಅದು ದಿನವಿಡೀ ದುಡಿಯುವವರ ಭಕ್ತಿ. ನಾನು ಬೈಕಿನಲ್ಲಿ ಓಡಾಡುತ್ತ, ಫ್ಯಾನಿನ ಕೆಳಗೆ ಪಾಠ ಮಾಡುತ್ತ ಅದೇ ಭಕ್ತಿಯನ್ನು ಮುಂದುವರಿಸಿದ್ದೆ. ಮಗಳ ತಟ್ಟೆಯಲ್ಲಿ ಉಳಿದದ್ದೂ ನನ್ನ ಪಾಲಿಗೆ ಪ್ರಸಾದವೇ. ಇನ್ನು ಅಕ್ಕನ ಡಯಾಲಿಸಿಸ್ ದಿನಗಳು. ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವಾಗ ಬಸ್ಸು ಅಮೀನಗಡದಲ್ಲಿ ನಿಲ್ಲುತ್ತಿತ್ತು. ಒಂದು ಪೊಟ್ಟಣ ಕರದಂಟು. ಅಂಟು, ಬೆಲ್ಲ, ಒಣಹಣ್ಣು, ಬಾಣಂತಿಯರಿಗೆ ಕೊಡುವಂಥದ್ದು, ಮೈಗೆ ಒಳ್ಳೆಯದು. ಅಕ್ಕನ ಮಗ್ಗುಲಲ್ಲಿ ನಾಲ್ಕು ತಾಸು ಕೂರಬೇಕಲ್ಲ, ಶಕ್ತಿ ಬೇಕು ಎಂದುಕೊಳ್ಳುತ್ತಿದ್ದೆ. ಬಾಗಲಕೋಟೆ ಬರುವಷ್ಟರಲ್ಲಿ ಪೊಟ್ಟಣ ಖಾಲಿ. ಅವಳ ಕಾಯಿಲೆಗಾಗಿ ಓಡಾಡುತ್ತಲೇ, ಅವಳಿಗೆ ಕೊಡಬೇಕಾಗಿದ್ದ ಕಿಡ್ನಿಯನ್ನು ನಾನೇ ಅವಳ ಕೈತಪ್ಪಿಸುತ್ತಿದ್ದೆ.

ನಡೆಯಲು ಶುರು ಮಾಡಿದೆ. ಮೊದಲ ವಾರ ಮೊಣಕಾಲು ನೋವು, ಎರಡನೇ ವಾರ ಹಿಮ್ಮಡಿ ನೋವು. ಹಸಿವು ಎಂದರೆ ಏನೆಂದು ಮರೆತುಹೋಗಿತ್ತು. ಈಗ ಗೊತ್ತಾಯಿತು. ಸುಜಾತಾ ಅರ್ಧ ನೀಡುವುದನ್ನು ನಿಲ್ಲಿಸಿದಳು. ಕೊಟ್ಟರೆ ಇಡಿಯಾಗಿ ಕೊಡುತ್ತಿದ್ದಳು. ಇಡಿ ರೊಟ್ಟಿ ತಟ್ಟೆಗೆ ಬೀಳುವ ಮೊದಲು ಬೇಡ ಅನ್ನುವುದು ಸುಲಭ ಎಂದು ನಮಗೆ ಆಗ ತಿಳಿಯಿತು. ಎರಡು ತಿಂಗಳಲ್ಲಿ ಷರ್ಟಿನ ಕಾಲರು ಸಡಿಲವಾಯಿತು. ಊರವರು ಮಾತಾಡಿಸತೊಡಗಿದರು.

"ಏನ್ರಿ ಸರ, ಭಾಳ ಸೊರಗೀರಿ. ಶುಗರ್ ಬಂತೇನು?"

"ಮನ್ಯಾಗ ಏನಾರ ಜಗಳ ಆತೇನ್ರಿ?"

ದಪ್ಪಗಾಗುತ್ತ ಹೋದ ಹದಿನೈದು ವರ್ಷಗಳಲ್ಲಿ ಯಾರೂ ನನ್ನ ಆರೋಗ್ಯ ವಿಚಾರಿಸಿರಲಿಲ್ಲ.

ಇಲ್ಲಿ ಒಂದು ಮೋಸದ ಕಥೆ ಹೇಳಬೇಕು. ಮನೆಗೊಂದು ತೂಕದ ಯಂತ್ರ ತಂದಿದ್ದೆ. ನಮ್ಮ ಮನೆಯ ನೆಲ ಹಳೆಯದು. ಊರ ಕಲ್ಲುಗಣಿಯ ಕೆಂಪು ಕಲ್ಲಿನ ಹಾಸು, ಒಂದು ಕಲ್ಲಿಗೊಂದು ಸಮ ಇಲ್ಲ. ಅಡುಗೆಮನೆ ಬಾಗಿಲ ಬಳಿ ತೂಗಿದರೆ ತೊಂಬತ್ತೊಂದು, ಪಡಸಾಲೆಯ ಮೂಲೆಯಲ್ಲಿ ತೂಗಿದರೆ ಎಂಬತ್ತೆಂಟು. ನಾನು ಮೂಲೆಯನ್ನು ಆರಿಸಿಕೊಂಡೆ. ಅಳತೆಯ ದೋಷದ ಬಗ್ಗೆ ಇಡೀ ಒಂದು ಸೆಮಿಸ್ಟರ್ ಪಾಠ ಮಾಡುವವನು, ದಿನಾ ಬೆಳಿಗ್ಗೆ ಯಂತ್ರವನ್ನು ಅದೇ ಕಲ್ಲಿನ ಮೇಲೆ ಕಾಲಿನಿಂದ ಸರಿಸಿ ಇಟ್ಟು, ಎಂಬತ್ತೆಂಟು ಎಂದು ಬರೆದುಕೊಳ್ಳುತ್ತಿದ್ದೆ. ಇನ್ನು ನಾಲ್ಕೇ ಎಂದು ಮನಸ್ಸಿಗೆ ಸಮಾಧಾನ. ಎರಡು ಹೊತ್ತಿನ ನಡಿಗೆಯಲ್ಲಿ ಒಂದು ಹೊತ್ತಿನದನ್ನು ಬಿಟ್ಟೆ.

ಹುಬ್ಬಳ್ಳಿಯ ತಕ್ಕಡಿ ತೊಂಬತ್ತೊಂದೂವರೆ ತೋರಿಸಿತು.

ಅದೇ ವಾರ ಅಕ್ಕನ ಕೈಯ ಫಿಸ್ಟುಲಾ ಕೈಕೊಟ್ಟಿತು. ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ರಕ್ತನಾಳದ ದಾರಿ ಅದು. ಕುತ್ತಿಗೆಯಲ್ಲಿ ಪೈಪು ಹಾಕಿದರು. ಸೋಂಕಾಗಿ ಜ್ವರ ಬಂದು ಹತ್ತು ದಿನ ಮಲಗಿದಳು. "ಭಾಳ ತಡಾ ಮಾಡಬ್ಯಾಡ್ರಿ," ಎಂದರು ಡಾಕ್ಟರು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನಾನು ಆ ಮೂರೂವರೆ ಕಿಲೋವನ್ನು ಯೋಚಿಸಿದೆ. ಕಲ್ಲಿನ ಮೂಲೆಯಲ್ಲಿ ನಾನು ನನಗೇ ಬಿಟ್ಟುಕೊಟ್ಟ ಮೂರೂವರೆ ಕಿಲೋ. ಅವಳ ಹತ್ತು ದಿನದ ಜ್ವರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ ಎಂದು ನನ್ನ ಓದು ಹೇಳುತ್ತದೆ. ಅವತ್ತು ಓದು ಉಪಯೋಗಕ್ಕೆ ಬರಲಿಲ್ಲ.

ಮನೆಯ ಯಂತ್ರವನ್ನು ಅಟ್ಟಕ್ಕೆ ಹಾಕಿದೆ. ಹುನಗುಂದದಲ್ಲಿ ನನ್ನ ಹಳೆಯ ಸಹಪಾಠಿ ರಫೀಕನ ಕಾಳಿನ ಅಂಗಡಿ ಇದೆ. ಚೀಲ ತೂಗುವ ದೊಡ್ಡ ಎಲೆಕ್ಟ್ರಾನಿಕ್ ಕಾಟಾ. ಪ್ರತಿ ಸೋಮವಾರ ಕಾಲೇಜಿಗೆ ಹೋಗುವ ಮೊದಲು ಅದರ ಮೇಲೆ ನಿಲ್ಲುವುದು ಎಂದು ಮಾಡಿದೆ.

"ಮಾಸ್ತರ, ಚೀಲ ಸುದ್ದಾ ತೂಗ್ಲ್ಯಾ, ಚೀಲ ಕಳದು ತೂಗ್ಲ್ಯಾ?" ಎಂದು ರಫೀಕ ನನ್ನ ಪ್ಯಾಂಟು ಷರ್ಟನ್ನು ನೋಡಿ ಕೇಳಿದ.

"ಚೀಲ ಸುದ್ದಾ ತೂಗಲೇ."

"ಒಂದ್ ಕ್ವಿಂಟಲ್‌ಗೆ ಒಂಬತ್ತು ಕಮ್ಮಿ!" ಎಂದು ಬಜಾರಿಗೆಲ್ಲ ಕೇಳುವಂತೆ ಕೂಗಿದ. ಹಮಾಲರು ನಕ್ಕರು. ಕಡಲೆ ಕೊಳ್ಳಲು ಬಂದಿದ್ದ ಮುದುಕಿಯೂ ನಕ್ಕಳು.

"ಮೆಲ್ಲಕ ಹೇಳಲೇ."

"ಮೆಲ್ಲಕ ಹೇಳಿದ್ರ ನೀ ಮರೀತಿ. ನಾಕ್ ಮಂದಿ ಕೇಳ್ಲಿ. ನಿನ್ನ ನೆನಪಿನ ಮ್ಯಾಲೆ ನನಗ ಭರವಸ ಇಲ್ಲೋ ಮಾರಾಯಾ."

ಅವನ ಮಾತು ನಿಜವಾಗಿತ್ತು. ನಾಲ್ಕು ತಿಂಗಳು ಹಮಾಲರು ನನ್ನ ತೂಕವನ್ನು ನನಗಿಂತ ಚೆನ್ನಾಗಿ ನೆನಪಿಟ್ಟರು. "ಹೋದ ವಾರ ಎಂಬತ್ತೊಂಬತ್ತರ ಮ್ಯಾಲೆ ಇದ್ರಲ್ರಿ ಸರ," ಎಂದು ಅವರಲ್ಲೊಬ್ಬ ಹೇಳಿದರೆ ನಾನು ಒಪ್ಪಿಕೊಳ್ಳಬೇಕಿತ್ತು. ಎಂಬತ್ತೇಳರಲ್ಲಿ ಐದು ವಾರ ನಿಂತೆ. ಏನು ಮಾಡಿದರೂ ಇಳಿಯಲಿಲ್ಲ. ಮೈ ತನ್ನ ಹಳೆಯ ಅಳತೆಯನ್ನು ನೆನಪಿಟ್ಟುಕೊಂಡು ಅಲ್ಲಿಗೇ ಎಳೆಯುತ್ತದೆ ಎಂದು ಡಯಟಿಷಿಯನ್ ಫೋನಿನಲ್ಲಿ ಹೇಳಿದಳು. ನನಗಿಲ್ಲದ ನೆನಪಿನ ಶಕ್ತಿ ನನ್ನ ಮೈಗೆ ಇತ್ತು. ಸಂಜೆಯ ನಡಿಗೆ ದುಪ್ಪಟ್ಟು ಮಾಡಿದೆ. ಅರ್ಧ ಚಹಾ ಪೂರ್ತಿ ನಿಂತಿತು. ಒಂದು ಸೋಮವಾರ ಕಾಟಾದಲ್ಲಿ ಎಂಬತ್ಮೂರು ಚಿಲ್ಲರೆ ಕಂಡಾಗ ರಫೀಕ ಕೂಗಲಿಲ್ಲ. ಹತ್ತಿರ ಬಂದು ಭುಜ ಹಿಡಿದ. "ಅಕ್ಕಗ ಫೋನ್ ಹಚ್ಚು," ಎಂದ.

ಫೋನಿನಲ್ಲಿ ಬೇಡ, ಖುದ್ದು ಹೇಳೋಣ ಎಂದು ಭಾನುವಾರ ಚೊಳಚಗುಡ್ಡಕ್ಕೆ ಹೋದೆ. ಬದಾಮಿಯಲ್ಲಿ ಬಸ್ಸಿಳಿದು ಉಳಿದ ದಾರಿ ನಡೆದೇ ಹೋದೆ. ಜ್ವರವಾದ ಮೇಲೆ ನಾವು ಫೋನಿನಲ್ಲೇ ಮಾತಾಡಿದ್ದೆವು. ಡಯಾಲಿಸಿಸ್‌ಗೆ ಭಾವ ಕರೆದೊಯ್ಯುತ್ತಿದ್ದರು. ನಾಲ್ಕು ತಿಂಗಳ ನಂತರ ಅಕ್ಕ ನನ್ನನ್ನು ಬಾಗಿಲಲ್ಲಿ ನೋಡಿದಳು.

ಹೊಸ್ತಿಲಲ್ಲೇ ನನ್ನ ತೋಳು ಹಿಡಿದಳು.

"ಏನಾಗೇತೋ ತಮ್ಮಾ ನಿನಗ?"

"ಏನಾಗಿಲ್ಲಕ್ಕ. ಇಳದೇನಿ. ಇನ್ನ ಕಿಡ್ನಿ ತಗೋತಾರ."

ಅವಳು ನನ್ನ ಕೆನ್ನೆ ಮುಟ್ಟಿದಳು, ಮುಂಗೈ ಮುಟ್ಟಿದಳು. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು ಇವಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ, ನಾನು ಮೈ ತುಂಬಿಕೊಳ್ಳುವುದನ್ನು ನೋಡಿ ಸಂತೋಷಪಟ್ಟವಳು. ಅವಳ ಕಣ್ಣಿಗೆ ಕಾಣುತ್ತಿದ್ದುದು ಒಂದೇ. ತಮ್ಮ ಸೊರಗಿದ್ದಾನೆ.

"ನಂಗ ಬ್ಯಾಡ," ಎಂದಳು.

ನಾನು ಆ ವಾರವೇ ಮಾಡಿಸಿದ್ದ ಪರೀಕ್ಷೆಗಳ ರಿಪೋರ್ಟು ತೆಗೆದೆ. ಲಿವರ್ ಸರಿಯಾಗಿದೆ, ಶುಗರ್ ಇಳಿದಿದೆ, ಬಿಪಿ ಇಳಿದಿದೆ ಎಂದು ಒಂದೊಂದಾಗಿ ಓದಿದೆ. ಅವಳು ಗೋಡೆ ನೋಡುತ್ತ ಕೂತಳು.

"ಕೊಡೂಕಿಂತ ಮೊದಲ ಇಷ್ಟ್ ಸೊರಗಿ. ಕೊಟ್ಟ ಮ್ಯಾಲೆ ಏನ್ ಉಳೀತಿ? ನಿನ್ನ ಹೇಣ್ತಿಗೆ ನಾ ಏನ್ ಮಾರಿ ತೋರ್ಸ್ಲಿ? ಈ ರಿಪೋರ್ಟಿನ ಹಾಳಿ ತಗೊಂಡ್ ಹೋಗು. ನನಗ ಕಣ್ಣ್ ಅದಾವು."

ಏಳು ತಿಂಗಳು ಮೈ ಕರಗಿಸಿದ್ದು ಡಾಕ್ಟರರನ್ನು ಒಪ್ಪಿಸಲು. ಅದೇ ಮೈ ನೋಡಿ ಅಕ್ಕ ಬೇಡ ಎನ್ನುತ್ತಿದ್ದಳು. ಭಾವ ನನಗೆ ಕಣ್ಸನ್ನೆ ಮಾಡಿ, ಸದ್ಯ ಬಿಡು ಎಂದರು. ಊಟವಾಯಿತು. ಸೋತ ಮನಸ್ಸು, ನಡೆದ ಕಾಲು. ಪಡಸಾಲೆಯ ಚಾಪೆಯ ಮೇಲೆ ಅಡ್ಡಾದವನು ನಿದ್ದೆ ಹೋದೆ.

ಎಚ್ಚರವಾದಾಗ ಮೂಗಿನ ಹತ್ತಿರ ಯಾರದೋ ಬೆರಳು. ಅಕ್ಕ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದಳು. ಕಣ್ಣಲ್ಲಿ ನೀರು.

"ಏನಕ್ಕ?"

"ಗೊರಕಿ ಕೇಳ್ಸಲಿಲ್ಲೋ."

ನನ್ನ ಗೊರಕೆ ನಮ್ಮ ಮನೆತನದಲ್ಲಿ ಹೆಸರುವಾಸಿ. ಮದುವೆ ಮನೆಗಳಲ್ಲಿ ನನಗೆ ಬೇರೆ ಕೋಣೆ ಕೊಡುತ್ತಾರೆ. ನಡುನಡುವೆ ಉಸಿರು ನಿಂತು, ಆಮೇಲೆ ಸಿಡಿದಂತೆ ಶುರುವಾಗುತ್ತಿತ್ತಂತೆ. ಕೇಳಿದವರು ಎಣಿಸುತ್ತ ಮಲಗುತ್ತಿದ್ದರಂತೆ. ತೂಕದ ಜೊತೆ ಅದೂ ಇಳಿದಿತ್ತು. ಅವತ್ತು ಪಡಸಾಲೆಯಿಂದ ಏನೂ ಕೇಳಿಸದೆ ಅಕ್ಕ ಗಾಬರಿಯಾಗಿ ಒಳಗಿನಿಂದ ಓಡಿ ಬಂದಿದ್ದಳು.

"ಹೋದ್ಯೇನೋ ಅಂತ ಜೀವ ಹಾರಿತ್ತು. ಕೈ ಹಿಡದ್ ನೋಡ್ತೇನಿ, ಉಸರು ತಣ್ಣಗ ಆಡಾಕತ್ತೈತಿ. ನೀ ಸಣ್ಣಾವಿದ್ದಾಗ ಹಿಂಗ ಮಲಗ್ತಿದ್ದಿ. ಒಂದ್ ತಾಸ್ ಆತು, ನಾ ಇಲ್ಲೇ ಕುಂತೇನಿ."

ಸೆರಗಿನಿಂದ ಮೂಗೊರೆಸಿಕೊಂಡಳು.

"ಯಾವತ್ತ ಹೋಗೂದೈತಿ ಹುಬ್ಬಳ್ಳಿಗೆ?" ಎಂದು ಕೇಳಿದಳು.

ಆಕೆ ಸರಿಯಾಗಿ ಇದೇ ಮಾತುಗಳನ್ನು ಆಡಿದಳೇ ಎಂದು ಯಾರಾದರೂ ಕೇಳಿದರೆ ಆಣೆ ಮಾಡಲಾರೆ. ಭಾವ ಹಿತ್ತಲಲ್ಲಿದ್ದರು, ಬೇರೆ ಸಾಕ್ಷಿಯಿಲ್ಲ. ಆದರೆ ಆಕೆ ಒಪ್ಪಿದ್ದು ನಿಜ. ನನ್ನ ಎಡ ಪಕ್ಕೆಯಲ್ಲಿ ಹೊಲಿಗೆಯ ಗುರುತಿದೆ.

ಎರಡು ತಿಂಗಳು ಎಂಬತ್ನಾಲ್ಕರ ಒಳಗೇ ನಿಂತು ತೋರಿಸಿದೆ. ಆಪರೇಷನ್ ಆಗಿ ಈಗ ನಾಲ್ಕು ತಿಂಗಳು. ನೋವು ಹೇಳಿದ್ದಕ್ಕಿಂತ ಹೆಚ್ಚಿತ್ತು, ಮೊದಲ ವಾರ ಕೆಮ್ಮಲೂ ಹೆದರುತ್ತಿದ್ದೆ. ನಡಿಗೆ ನಿಂತ ಆ ದಿನಗಳಲ್ಲಿ ಎರಡು ಕಿಲೋ ಹಿಂದಕ್ಕೆ ಬಂದಿದೆ. ಈಗ ಎಂಬತ್ತೈದೂವರೆ. ಇದು ಮುಗಿಯುವ ಕೆಲಸವಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಅಕ್ಕನ ಗುಳಿಗೆಗಳೂ ಹಾಗೆಯೇ. ಅವಳ ದೇಹ ನನ್ನ ಕಿಡ್ನಿಯನ್ನು ಯಾವಾಗ ಬೇಕಾದರೂ ತಿರಸ್ಕರಿಸಬಹುದು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್ ಇವತ್ತಿನವರೆಗೆ ಸರಿಯಿದೆ. ಇವತ್ತಿನವರೆಗೆ ಎಂಬುದನ್ನು ನಾನು ಈಗ ಸಣ್ಣ ಮಾತು ಎಂದು ತಿಳಿಯುವುದಿಲ್ಲ.

ಹೋದ ವಾರ ಇಬ್ಬರೂ ಚೆಕಪ್‌ಗೆ ಹೋಗಿದ್ದೆವು. ನರ್ಸು ಅಕ್ಕನನ್ನು ತಕ್ಕಡಿ ಹತ್ತಿಸಿದಳು. ಡಯಾಲಿಸಿಸ್ ಕಾಲದಲ್ಲಿ ಅಕ್ಕನ ತೂಕ ಏರಿತು ಎಂದರೆ ಅದು ಹೊರಗೆ ಹೋಗದೆ ಮೈಯಲ್ಲಿ ನಿಂತ ನೀರು. ಬಂದ ಕೂಡಲೆ ತೂಗುವುದು, ಏರಿದ್ದನ್ನು ಯಂತ್ರ ಎಳೆದು ತೆಗೆಯುವುದು, ಮತ್ತೆ ತೂಗುವುದು. ಎರಡು ವರ್ಷ ಅವಳು ಮೈಗೂಡಿಸಿಕೊಂಡ ಒಂದು ಕಿಲೋ ಕೂಡ ಅವಳದಾಗಿರಲಿಲ್ಲ.

"ನಲವತ್ತಾರು," ಎಂದಳು ನರ್ಸು. "ಎರಡು ಕೆ.ಜಿ. ಏರೀರಿ ಆಯಿ."

ಅಕ್ಕ ಗಾಬರಿಯಾಗಿ ತನ್ನ ಪಾದ ಒತ್ತಿ ನೋಡಿಕೊಂಡಳು. ಬಾವು ಇರಲಿಲ್ಲ. ಡಾಕ್ಟರು ಕಣ್ಣರೆಪ್ಪೆ ನೋಡಿದರು, ಎದೆ ಕೇಳಿದರು.

"ನೀರಲ್ರಿ ಇದು. ಉಂಡದ್ದು ಮೈಗೆ ಹತ್ತೈತಿ."

ಅಕ್ಕ ನನ್ನ ಕಡೆ ನೋಡಿದಳು, ಆಮೇಲೆ ನರ್ಸಿನ ಕಡೆ. ಚಪ್ಪಲಿಗಳನ್ನು ಕಳಚಿ ಬದಿಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ತಕ್ಕಡಿಯ ಮೇಲೆ ಹತ್ತಿ, ಗೋಡೆಯನ್ನೂ ಹಿಡಿಯದೆ ನೆಟ್ಟಗೆ ನಿಂತಳು.

"ಇನ್ನೊಮ್ಮೆ ನೋಡವಾ," ಎಂದಳು. "ಖರೇನ ನಂದೇನು ಇದು?"